ಗೊರೇಬಾಳದ ಕುಣಿ

ಈ ಮುದುಕ ಆ ಹಾರವನ್ನು ಯಾರ ಕೊರಳಿಗಾದರೂ ಹಾಕಿಯೇಬಿಡುತ್ತಾನೆ ಎಂಬ ಅಂಜಿಕೆ ರಾಜೇಶನಿಗೆ ಹತ್ತಿದ್ದು, ಗೋವಾದ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತಾನಾಗಿ ಸರಿದು ಮತ್ತೊಂದು ವಿಮಾನದ ಮಂದಿಯನ್ನು ಹೊರಗೆ ಉಗುಳಿದಾಗ. ಚಡ್ಡಿ ಹಾಕಿದವರು, ಹುಲ್ಲಿನ ಟೊಪ್ಪಿಗೆಯವರು, ಇನ್ನೂ ಸಮುದ್ರ ಕಾಣುವ ಮೊದಲೇ ಮೋರೆಗೆ ಬಿಳಿ ಎಣ್ಣೆ ಬಳಿದುಕೊಂಡ ಪರದೇಶದವರು. ಅವರೆಲ್ಲರ ಎದುರಿಗೆ ಕಬ್ಬಿಣದ ಸರಳಿಗೆ ಹೊಟ್ಟೆ ಒತ್ತಿ ಅಮರಗುಂಡಪ್ಪ ನಿಂತಿದ್ದ. ಬಿಳಿ ಧೋತರ, ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎರಡೂ ಅಂಗೈ ಮೇಲೆ ಸಿಂಧನೂರಿನಿಂದ ಒದ್ದೆ ಅರಿವೆಯಲ್ಲಿ ಸುತ್ತಿ ತಂದ ಚೆಂಡುಹೂವಿನ ಹಾರ. ಮಸ್ಕತ್ತಿನಲ್ಲಿ ತೀರಿಕೊಂಡ ಹಿರಿಮಗ ಶಿವಕಾಂತ ಈ ಬಾಗಿಲಿನಿಂದಲೇ ಬರುತ್ತಾನೆ ಎಂದು ಅವನ ನಂಬಿಕೆ. ವಿಮಾನದಲ್ಲಿ ಬಂದವರೆಲ್ಲ ಇಲ್ಲಿಂದ ಬರುವಾಗ ಅವನೊಬ್ಬ ಬೇರೆ ಕಡೆಯಿಂದ ಯಾಕೆ ಬಂದಾನು? ಹೆಣದ ಪೆಟ್ಟಿಗೆ ಇಲ್ಲಿಂದ ಬರುವುದಿಲ್ಲ, ಅದಕ್ಕೆ ಬೇರೆ ಗೇಟು ಇರುತ್ತದೆ ಎಂದು ರಾಜೇಶ ಮೂರು ಸಲ ಹೇಳಿದ್ದ. ‘ಇರ್ಲಿ ಇರ್ಲಿ, ಇಲ್ಲೇ ನಿಂದ್ರೂಣು’ ಎಂದಿದ್ದ ಅಮರಗುಂಡಪ್ಪ. ಗೊರೇಬಾಳದಲ್ಲಿ ಅವನು ನಿಂತಲ್ಲಿಗೆ ಎಲ್ಲವೂ ಬರುತ್ತಿತ್ತು. ಕಾಲುವೆಯ ನೀರು ಕೂಡ.

ಕೆಂಪು ಮೋರೆಯ ಒಬ್ಬ ಹಿರಿಯ ಹೆಂಡತಿಯ ಕೈಹಿಡಿದುಕೊಂಡು ಹೊರಬಂದವನೇ ಹಾರ ನೋಡಿ ನಕ್ಕ. ಪಕ್ಕದಲ್ಲೇ ಯಾವುದೋ ರಿಸಾರ್ಟಿನ ಹುಡುಗಿಯರು ಕವಡೆ ಸರ ಹಾಕಿ ಗಿರಾಕಿಗಳನ್ನು ಬರಮಾಡಿಕೊಳ್ಳುತ್ತಿದ್ದರು. ಇದೂ ಅಂಥದೇ, ಈ ಧೋತರ, ಈ ಬೂದಿ ಎಲ್ಲ ಕೊಟ್ಟ ರೊಕ್ಕದಲ್ಲೇ ಸೇರಿದ್ದು ಎಂದು ತಿಳಿದವನ ಹಾಗೆ ಆತ ಕೈಜೋಡಿಸಿ, ಬೋಳು ತಲೆ ಬಗ್ಗಿಸಿ, ಕೊರಳು ಚಾಚಿ ನಿಂತುಬಿಟ್ಟ. ತನ್ನೆದುರು ಕೊರಳು ಬಗ್ಗಿಸಿದವರನ್ನು ಕಂಡು ಅಮರಗುಂಡಪ್ಪನಿಗೆ ರೂಢಿ. ಕೈಗಳು ತಾವಾಗಿಯೇ ಮೇಲೆದ್ದವು. ರಾಜೇಶ ನಡುವೆ ನುಗ್ಗಿ ಹಾರದ ತುದಿ ಹಿಡಿದ. ಇದು ಸತ್ತವನಿಗೆ ತಂದದ್ದು ಎಂದು ಹೇಳಬೇಕಿತ್ತು. ನಾಲಿಗೆಗೆ ಬಂದದ್ದು ಮಾತ್ರ ‘ಸಾರಿ ಸರ್, ಬೇರೆಯವರಿಗೆ, ಬೇರೆಯವರಿಗೆ’ ಎಂಬ ಮುರುಕು ಇಂಗ್ಲಿಷು. ಆತ ಸಿಟ್ಟಾಗಲಿಲ್ಲ. ಹೆಂಡತಿ ಮೊಬೈಲು ತೆಗೆದು ಹಾರದ ಫೋಟೋ ಹೊಡೆದುಕೊಂಡಳು.

‘ಏನಂದನೋ ಅಂವಾ?’ ಎಂದ ಅಮರಗುಂಡಪ್ಪ.

‘ಏನಿಲ್ಲ. ಹಾರ ಛಲೋ ಐತಿ ಅಂದ.’

‘ಬಾಳ ಶಾಣ್ಯಾ ಮಂದಿ,’ ಎಂದು ಮುದುಕ ಹಾರವನ್ನು ಮತ್ತೆ ಅಂಗೈ ಮೇಲೆ ಹರಡಿಕೊಂಡ.

ಬಾಯಲ್ಲಿ ‘ರೀ’, ಮನಸ್ಸಿನಲ್ಲಿ ಏಕವಚನ: ಇಷ್ಟೇ ರಾಜೇಶ ಈವರೆಗೆ ಗಳಿಸಿದ ಸ್ವಾತಂತ್ರ್ಯ. ನಸುಕಿನಿಂದ ಈ ಹೊತ್ತಿನವರೆಗೆ ಅಮರಗುಂಡಪ್ಪನನ್ನು ಏನೆಂದೂ ಕರೆಯದೆ ಸುಧಾರಿಸಿದ್ದ. ಹುಟ್ಟಿದಾಗಿನಿಂದ ಬಾಯಿಪಾಠವಾದ ‘ಸಾವ್ಕಾರ್ರ’ ಎಂಬುದು ಹಲ್ಲಿನ ಹಿಂದೆ ಬಂದು ಕೂತು ಕೂತು ಹೋಗುತ್ತಿತ್ತು. ಅದನ್ನು ನುಂಗಿ ‘ನೋಡ್ರಿ’ ಎನ್ನುತ್ತಿದ್ದ. ಲಿಂಗಸುಗೂರಿನ ನೀರಾವರಿ ಕಚೇರಿಯಲ್ಲಿ ಅವನನ್ನು ರಾಜೇಶ್ ಸರ್ ಎನ್ನುತ್ತಾರೆ. ಕೆರೆ, ಕಾಲುವೆ, ನೀರು ನಿಂತು ಕೆಟ್ಟ ಸವಳು ಜವಳು ನೆಲ ಎಂದು ರೈತರು ಅರ್ಜಿ ಹಿಡಿದು ಅವನ ಮೇಜಿನ ಮುಂದೆ ನಿಲ್ಲುತ್ತಾರೆ. ಅದೇ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಮುಂದೆ ಇಂದು ನಸುಕಿನಲ್ಲಿ ಆಂಬುಲೆನ್ಸು ನಿಂತಾಗ, ಡ್ರೈವರ್ ಬಾಬುಸಾಬ್ ಮುಂದಿನ ಬಾಗಿಲು ತೆಗೆದಿದ್ದ. ಒಳಗಿದ್ದ ಅಮರಗುಂಡಪ್ಪ ಸರಿಯಲಿಲ್ಲ. ‘ನೀ ಹಿಂದ ಕುಂಡ್ರಪಾ ರಾಜೇಶಾ. ಕಾಲು ಚಾಚಾಕ ಬರ್ತೈತಿ.’ ಹುನಗುಂದ, ಬಾಗಲಕೋಟೆ, ಬೆಳಗಾವಿ, ಆಮೇಲೆ ಘಟ್ಟ. ಅಷ್ಟೂ ದಾರಿ ಖಾಲಿ ಸ್ಟ್ರೆಚರಿನ ಪಕ್ಕದ ಬೆಂಚಿನ ಮೇಲೆ ಕೂತು ರಾಜೇಶ ತಿರುವಿಗೊಮ್ಮೆ ಜಾರುತ್ತ, ಆ ಸ್ಟ್ರೆಚರನ್ನೇ ಹಿಡಿದುಕೊಳ್ಳುತ್ತ ಬಂದ. ಮುಂದೆ ಕುಳಿತವನಿಗೆ ಮಗ ಸತ್ತಿದ್ದಾನೆ, ಇವತ್ತು ಸಿಟ್ಟಾಗಬಾರದು ಎಂದುಕೊಂಡ. ಯಾವತ್ತು ಆಗಬಹುದು ಎಂಬುದನ್ನು ಯಾರೂ ಹೇಳಿರಲಿಲ್ಲ. ಅವರ ಮನೆಯಲ್ಲಿ ಮದುವೆಯಿದ್ದರೂ ಸಿಟ್ಟಾಗಬಾರದು, ಸತ್ತರೂ ಸಿಟ್ಟಾಗಬಾರದು, ಎರಡರ ನಡುವಿನ ದಿನಗಳಲ್ಲಿ ಅವರ ಹೊಲದಲ್ಲಿ ಕೆಲಸವಿರುತ್ತದೆ.

ಅವನನ್ನೇ ಯಾಕೆ ಕರೆತಂದರು ಎಂಬುದಕ್ಕೆ ಕಾರಣವಿತ್ತು. ಗೊರೇಬಾಳಕ್ಕೆಲ್ಲ ಈ ವಿಮಾನ ನಿಲ್ದಾಣ ಕಂಡವನು ರಾಜೇಶನೊಬ್ಬನೇ. ಎರಡು ವರ್ಷದ ಹಿಂದೆ ಸರ್ಕಾರ ನೌಕರರಿಗೆ ಕೊಡುವ ಪ್ರವಾಸದ ರಿಯಾಯ್ತಿಯಲ್ಲಿ ಹೆಂಡತಿ ದೀಪಾ, ಮಗಳನ್ನು ಕಟ್ಟಿಕೊಂಡು ಗೋವಾಕ್ಕೆ ಬಂದು ನಾಲ್ಕು ದಿನ ಇದ್ದು, ಇದೇ ನಿಲ್ದಾಣದಿಂದ ವಿಮಾನ ಹತ್ತಿದ್ದ. ಅವನ ತಲೆಯ ಮೇಲೂ ಹುಲ್ಲಿನ ಟೊಪ್ಪಿಗೆ ಇತ್ತು. ಒಳಗೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು, ಮಗಳನ್ನು ದೀಪಾ ಗದರಿಸಿದ್ದು ಕಿವಿಗೆ ಬಿದ್ದು, ಕೋಲು ನಿಲ್ಲಿಸಿ, ಮೋರೆ ಅರಳಿಸಿ ಕೇಳಿದ್ದಳು: ‘ಯಾವೂರ್ರೀ ಅಣ್ಣಾರ? ನಮ್ಮ ಮಸ್ಕಿ ಕಡೆ ಮಾತು ಇದ್ದಂಗ ಐತಿ.’ ಬೆಂಗಳೂರು ಎಂದುಬಿಟ್ಟಿದ್ದ ರಾಜೇಶ. ಯಾಕೆ ಹಾಗೆಂದನೋ. ಆ ಹೆಂಗಸು ಮತ್ತೇನನ್ನೂ ಕೇಳದೆ ಅವರ ಬೂಟಿನ ಗುರುತು ಒರೆಸುತ್ತ ಹಿಂದೆ ಹಿಂದೆ ಸರಿದಿದ್ದಳು. ವಿಮಾನ ಮೇಲೇರಿ ಕಿವಿ ಕಟ್ಟಿದಾಗ ದೀಪಾ, ‘ನಿಮ್ಮ ನಾಲಿಗಿ ಹೆಂಗ ಹೊಳ್ಳಿತ್ರೀ?’ ಅಂದದ್ದು ಅವನಿಗೆ ನೆಟ್ಟಗೆ ಕೇಳಿಸಿತ್ತು. ಕೇಳಿಸಲಿಲ್ಲವೆಂಬಂತೆ ಕಿವಿ ತೋರಿಸಿದ್ದ.

ಬಾಬುಸಾಬ್ ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. ‘ಸರ್ರ, ಗಾಡಿ ಅಲ್ಲಿ ನಿಂದ್ರಸಬ್ಯಾಡ ಅಂತಾನ್ರೀ ಆ ಸೆಕ್ಯೂರಿಟಿಯಾಂವ. ಸೂಟಿ ಕಳ್ಯಾಕ ಬಂದ ಮಂದಿ ಇಳಿತಿದ್ದಂಗ ಆಂಬುಲೆನ್ಸ್ ಕಂಡ್ರ ಅವರಿಗೆ ಹೆಂಗ ಆಗಬಾರದು ಅಂತ. ಕಾರ್ಗೋ ಗೇಟು ಹಿಂದೈತಂತ್ರಿ, ಗುಡ್ಡ ಸುತ್ತಿ ಹೋಗಬೇಕು.’

‘ಕಾರ್ಗೋ ಅಂದ್ರ?’ ಎಂದ ಅಮರಗುಂಡಪ್ಪ.

‘ಸಾಮಾನು ಇಳಿಸೋ ಜಾಗರಿ ಸಾವ್ಕಾರ್ರ. ಮೀನು, ಮಾವಿನಹಣ್ಣು...’ ಬಾಬುಸಾಬ್ ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಅಮರಗುಂಡಪ್ಪನ ಜೇಬಿನಲ್ಲಿ ಫೋನು ಒದರಿತು. ಅವನ ಕಿವಿ ಮಂದ; ಫೋನು ಯಾವಾಗಲೂ ದೊಡ್ಡ ದನಿಯಲ್ಲೇ ಇರುತ್ತದೆ. ಊರಿನಿಂದ ಕಿರಿಮಗ ಅನಿಲಕುಮಾರ. ‘ಯಪ್ಪಾ, ಕುಣಿ ಹೊಂಟೈತಿ. ಮುದುಕಪ್ಪ ಸೊಂಟದ ಮಟ ಇಳದಾನ. ನೀವು ಬರೂದ್ರಾಗ ತಯಾರಿರ್ತೈತಿ.’

ಮುದುಕಪ್ಪ ರಾಜೇಶನ ಅಪ್ಪ.

ಬಿಸಿಲು ಇದ್ದಲ್ಲೇ ಇತ್ತು, ಕವಡೆ ಸರದ ಹುಡುಗಿಯರು ನಗುತ್ತಲೇ ಇದ್ದರು, ಎಲ್ಲೋ ಒಂದು ವಿಮಾನ ನೆಲಕ್ಕೆ ಗಾಲಿ ಉಜ್ಜಿತು. ರಾಜೇಶನಿಗೆ ಮೊದಲು ಕಂಡದ್ದು ಅಪ್ಪನ ಎದೆ. ಹೋದ ಮಳೆಗಾಲದಲ್ಲಿ ಆಸ್ಪತ್ರೆಯಲ್ಲಿ ಅಂಗಿ ಬಿಚ್ಚಿ ಮಲಗಿಸಿದಾಗ ಕಂಡ, ಕೂದಲು ಬೆಳ್ಳಗಾದ, ಕೋಳಿಯದಂಥ ಎದೆ. ಒಳಗಿನ ನರದಲ್ಲಿ ಸ್ಪ್ರಿಂಗಿನಂಥದು ಕೂಡಿಸಿದ್ದೇವೆ, ಭಾರ ಎತ್ತಬಾರದು, ಅಗೆಯಬಾರದು ಎಂದು ಡಾಕ್ಟರು ಹೇಳಿದ ಮರುದಿನವೇ ರಾಜೇಶ ಊರಿಗೆ ಹೋಗಿ ಅಪ್ಪನ ಸಲಿಕೆ, ಗುದ್ದಲಿ ಎರಡನ್ನೂ ಬೈಕಿಗೆ ಕಟ್ಟಿಕೊಂಡು ಬಂದು ಲಿಂಗಸುಗೂರಿನ ತನ್ನ ಬಾಡಿಗೆ ಮನೆಯ ಮಾಳಿಗೆ ಮೇಲೆ ಇಟ್ಟಿದ್ದ. ಅದಕ್ಕೂ ಮೊದಲೇ, ಮನೆಯಲ್ಲಿ ಬುದ್ಧನ ಪಟ ಏರಿದ ದಿನವೇ ಆಣೆ ಆಗಿತ್ತು: ಊರ ಗೌಡರ, ಸಾವ್ಕಾರರ ಹೆಣಕ್ಕೆ ಇನ್ನು ಮುಂದೆ ನಮ್ಮ ಕೈ ಕುಣಿ ತೋಡುವುದಿಲ್ಲ. ಭಾನುವಾರದ ಓದಿನ ಬಳಗದಲ್ಲಿ ರಾಜೇಶ ಎದ್ದು ನಿಂತು ಅದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಪ್ಪ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ತಟ್ಟುತ್ತಿದ್ದಾರೆಂದು ತಾನೂ ತಟ್ಟಿದ್ದ.

‘ನಮ್ಮಪ್ಪನ್ನ ಯಾಕ ಕರಿಸಿದ್ರಿ?’

‘ನಾ ಎಲ್ಲಿ ಕರಿಸಿದ್ನೋ? ನಿನ್ನ ಜೋಡಿ ಇಲ್ಲೇ ಅದೀನಲ್ಲ. ಸುದ್ದಿ ಕೇಳಿ ಅವನ ಬಂದಿರ್ಬೇಕು. ಹಳೇ ಮನಿಷಾ, ಜೀವ ತಡೀಲಿಲ್ಲ.’

ರಾಜೇಶ ಪಕ್ಕಕ್ಕೆ ಸರಿದು ಮನೆಗೆ ಫೋನು ಹಚ್ಚಿದ. ಅಪ್ಪನ ಫೋನನ್ನು ಅವ್ವ ಅಯ್ಯಮ್ಮ ಎತ್ತಿದಳು. ‘ಫೋನ್ ಇಲ್ಲೇ ಬಿಟ್ಟು ಹೋದ್ನೋ ಯಪ್ಪಾ. ಸಣ್ಣ ಸಾವ್ಕಾರ ಬೈಕ್ ಮ್ಯಾಲ ಬಂದಿದ್ದ. ಇಳೀಲಿಲ್ಲ. ಓಣಿ ಬಾಯಾಗ ನಿಂತು ಹಾರ್ನ್ ಹೊಡದ. ಇವ ಉಣ್ಣಾಕ ಕುಂತಿದ್ದ, ಕೈ ತೊಳದು ಎದ್ದ. ಬ್ಯಾಡ ಅಂದೆ. ಸಲಿಕಿ ಇಲ್ಲ ಅಂತನರ ಹೇಳು ಅಂದೆ. ಹೇಳಿದ. ನಮ್ಮ ಮನಿ ಸಲಿಕಿ ಐತಿ ನಡಿ ಅಂದ ಆ ಸಣ್ಣ ಸಾವ್ಕಾರ.’ ಅವ್ವನ ದನಿ ಸಣ್ಣಗಾಯಿತು. ‘ನೀ ಅವರ ಗಾಡ್ಯಾಗ ಹೋಗೀದಿ ಅಂತ ಇಂವಗ ಹುರುಪು. ಮಗ ಅಲ್ಲಿ ದುಡ್ಯಾಕತ್ತಾನ, ನಾ ಇಲ್ಲಿ ಕುಂತ್ರ ಹೆಂಗ ಅಂದ.’

ಅಂದರೆ ತಾನು ಬಂದದ್ದೇ ಅಪ್ಪನನ್ನು ಕುಣಿಗೆ ಇಳಿಸಿತ್ತು. ಗೆಳೆಯ ಶಿವಕಾಂತನ ಹೆಣಕ್ಕೆಂದು ಬಂದೆ ಅಂದುಕೊಂಡವನು, ಊರ ಲೆಕ್ಕದಲ್ಲಿ ಬಿಟ್ಟಿಗೆ ಬಂದಿದ್ದ. ಅಪ್ಪ ಮಗ ಇಬ್ಬರೂ ಒಂದೇ ಮನೆಯ ಸಾವಿಗೆ ಎರಡು ತುದಿಯಲ್ಲಿ ಹೂಡಿದ ಎತ್ತುಗಳು. ಅನಿಲಕುಮಾರನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಮತ್ತೆ ಹಚ್ಚಿದ. ಮತ್ತೆ.

‘ಜೆಸಿಬಿ ತರಸ್ರಿ,’ ಎಂದ ರಾಜೇಶ, ಆಂಬುಲೆನ್ಸು ಗುಡ್ಡ ಸುತ್ತುವಾಗ, ಹಿಂದಿನ ಕಿಂಡಿಯಿಂದ ಬಾಯಿ ಹಾಕಿ. ‘ನಮ್ಮಪ್ಪಗ ಎದಿ ಆಪರೇಷನ್ ಆಗೈತಿ. ಅನಿಲಕುಮಾರಗ ಹೇಳ್ರಿ, ಜೆಸಿಬಿ ತರಸಂತ. ನಿಮ್ಮದ ಐತಲ್ಲ.’

‘ಕುಣಿ ಕೈಲೆ ತೆಗೀಬೇಕಪಾ. ಮಠದ ಅಯ್ಯನೋರು ಹೇಳ್ಯಾರ. ಕಬ್ಬಿಣದ ಹಲ್ಲು ಹತ್ತಿದ ಮಣ್ಣಿನ್ಯಾಗ ಕುಂಡ್ರಸಬಾರ್ದಂತ.’

ಕಿಂಡಿಯಾಚೆ, ಮುಂದಿನ ಗಾಜಿನಲ್ಲಿ, ಕಡಿದ ಗುಡ್ಡದ ಕೆಂಪು ಗೋಡೆ ಸರಿದು ಹೋಗುತ್ತಿತ್ತು. ಒಂದಿಡೀ ಗುಡ್ಡದ ತಲೆಯನ್ನೇ ಬೋಳಿಸಿ ವಿಮಾನ ಇಳಿಸಿದ್ದರು ಇಲ್ಲಿ, ಯಾವ ಮಣ್ಣಿಗೆ ಯಾವ ಹಲ್ಲು ಹತ್ತಬೇಕೆಂದು ಯಾವ ಅಯ್ಯನವರನ್ನೂ ಕೇಳದೆ. ಕೈಯಿಂದಲೇ ತೆಗೆಯಬೇಕು, ಸರಿ. ಯಾರ ಕೈಯಿಂದ ಎಂಬುದನ್ನು ಮಾತ್ರ ಅಯ್ಯನವರು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಕಾರ್ಗೋ ಕಚೇರಿ ತಗಡಿನ ದೊಡ್ಡ ಗೋದಾಮು. ಮುಂದಿನ ಕಟ್ಟಡದಲ್ಲಿದ್ದ ಈಚಲು ಗಿಡ, ಬಣ್ಣದ ದೋಣಿ, ಸೆಲ್ಫಿಗೆಂದು ನಿಲ್ಲಿಸಿದ ಮೀನಿನ ಬೊಂಬೆ ಏನೂ ಇಲ್ಲಿರಲಿಲ್ಲ. ಮೊದಲು ಕಾಗದಕ್ಕೆ ಆರೋಗ್ಯದವರ ಠಸ್ಸೆ ಬೀಳಬೇಕು ಎಂದರು. ಆರೋಗ್ಯದವರು ಊಟಕ್ಕೆ ಹೋಗಿದ್ದರು. ಊಟದಿಂದ ಬಂದವರು ಕಸ್ಟಮ್ಸ್ ಎಂದರು. ಕಸ್ಟಮ್ಸಿನವ ವಿಮಾನದ ಕಂಪನಿಯವರ ಕಾಗದ ಎಲ್ಲಿ ಎಂದ. ಕಂಪನಿಯ ಹುಡುಗಿ, ಅದು ಮುಂದಿನ ಕಟ್ಟಡದಲ್ಲಿ ಸಿಗುತ್ತದೆ ಎಂದಳು. ರಾಜೇಶ ಗುಡ್ಡ ಸುತ್ತಿ ಹೋದ, ಸುತ್ತಿ ಬಂದ. ಬೂಟಿನ ತುಂಬ ಕೆಂಪು ಧೂಳು. ಇಷ್ಟು ಸುತ್ತಾಡಿಸುವುದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಕಚೇರಿಯಲ್ಲಿ ತಾನೂ ಸಾಲಗುಂದದ ರೈತರನ್ನು ಹೀಗೇ ಈ ಮೇಜಿನಿಂದ ಆ ಮೇಜಿಗೆ ಅಟ್ಟುವುದು ನೆನಪಾಗಿ, ಬಂದದ್ದು ಒಂದು ನಮೂನೆಯ ಬೇಸರ. ನಡುನಡುವೆ ಫೋನು ತೆಗೆದು ಅನಿಲಕುಮಾರನಿಗೆ ಹಚ್ಚುತ್ತಿದ್ದ. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಕೊನೆಗೆ ಕೌಂಟರಿನ ಹುಡುಗ ಹೆಣ ಪಡೆಯುವವರ ಗುರುತಿನ ಚೀಟಿ ಕೇಳಿದ. ಅಮರಗುಂಡಪ್ಪ ತಂದಿರಲಿಲ್ಲ. ‘ನನ್ನ ಗುರುತು ಕೇಳೋನ್ಯಾವನೋ? ಸಿಂಧನೂರು ತಾಲೂಕಿನ್ಯಾಗ ನನ್ನ ಗುರುತು ಕೇಳೋ ಮಗ ಹುಟ್ಟಿಲ್ಲ,’ ಎಂದ. ಇದು ಸಿಂಧನೂರು ತಾಲೂಕು ಅಲ್ಲವೆಂಬುದನ್ನು ಆ ಹುಡುಗ ಹಿಂದಿಯಲ್ಲಿ ಮರ್ಯಾದೆಯಿಂದಲೇ ತಿಳಿಸಿದ. ಹಾಗಾಗಿ ತಂದೆಯ ಒಪ್ಪಿಗೆಯ ಸಹಿ, ರಾಜೇಶನ ಆಧಾರ್ ಕಾರ್ಡು, ಗೇಟ್ ಪಾಸು ರಾಜೇಶನ ಹೆಸರಿಗೆ ಎಂದಾಯಿತು. ಹುಡುಗ ಕೀಲಿಮಣೆಯಿಂದ ತಲೆ ಎತ್ತದೆ ಕೇಳಿದ: ಸತ್ತವರಿಗೆ ಇವರು ಏನಾಗಬೇಕು?

ರಾಜೇಶ ಬಾಯಿ ತೆರೆಯುವ ಮೊದಲೇ ಅಮರಗುಂಡಪ್ಪ ತನಗೆ ಬರುವ ಹಿಂದಿಯಲ್ಲಿ ಹೇಳಿದ: ‘ಹಮಾರಾ ಆದ್ಮೀ.’

ನಮ್ಮ ಆಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ; ಅದೇ ಅದರ ಕೆಟ್ಟತನ. ‘ದೋಸ್ತ್ ಅಂತ ಬರೀರಿ,’ ಎಂದ ರಾಜೇಶ, ಯಾಕೋ ಕನ್ನಡದಲ್ಲೇ. ಹುಡುಗನಿಗೆ ಅರ್ಥವಾಯಿತು.

ದೋಸ್ತಿಯೇನೋ ಹೌದು. ಗೊರೇಬಾಳದ ಶಾಲೆಯಲ್ಲಿ ಒಂದೇ ಇಯತ್ತೆ. ಶಿವಕಾಂತ ಅಪ್ಪನ ಗದ್ದೆ, ಮಿಲ್ಲು ಬೇಡವೆಂದು ಜಗಳಾಡಿ, ಸಿಂಧನೂರಿನ ಸೋನಾ ಮಸೂರಿ ಚೀಲಗಳು ಹೋದ ದಾರಿಯಲ್ಲೇ ಮಸ್ಕತ್ತಿಗೆ ಹೋಗಿ ಅಕ್ಕಿ ಗೋದಾಮಿನಲ್ಲಿ ಮೇಲ್ವಿಚಾರಕನಾಗಿದ್ದ. ಹೋದ ತಿಂಗಳು ದನಿಯಲ್ಲೇ ಒಂದು ಮೆಸೇಜು ಕಳಿಸಿದ್ದ: ‘ರಾಜ್ಯಾ, ಇಲ್ಲಿ ಎಂಟು ಮಂದಿಗೆ ಒಂದ ರೂಮು ಲೇ. ನನ್ನ ಮ್ಯಾಲಿನ ಬಂಕಿನ್ಯಾಗ ನಿಮ್ಮ ಮಂದಿಯಾಂವ ಒಬ್ಬ ಮಲಗ್ತಾನ. ದಿನಾ ಅವನ ಕಾಲು ನನ್ನ ಮಾರಿ ಮುಂದ. ನಮ್ಮಪ್ಪ ನೋಡಿದ್ರ ಸತ್ತ ಹೋಗ್ತಾನ!’ ಕೊನೆಗೆ ದೊಡ್ಡ ನಗೆ. ರಾಜೇಶ ಅದನ್ನು ಎರಡು ಸಲ ಕೇಳಿ, ‘ನಿಮ್ಮ ಮಂದಿ’ಯಲ್ಲಿ ಸಿಕ್ಕಿಕೊಂಡು, ಉತ್ತರ ಕೊಡಲಿಲ್ಲ. ಆ ನಗೆ ಯಾರ ಮೇಲಿನದು? ಅಪ್ಪನ ಮೇಲೋ, ನಕ್ಕವನ ಸ್ವಂತದ ಮೇಲೋ, ರಾಜೇಶನ ಮೇಲೋ? ಕೇಳಬಹುದಿತ್ತು. ಕೇಳದೆ ಬಿಟ್ಟದ್ದಕ್ಕೆ ಈಗ ಸತ್ತವನ ಮೇಲೇ ರೇಗುತ್ತಿತ್ತು. ಜಗಳ ಬಾಕಿ ಇಟ್ಟು ಹೋದನಲ್ಲ ಮಗ.

ನಾಲ್ಕು ಗಾಲಿಯ ಬಂಡಿಯ ಮೇಲೆ ಪೆಟ್ಟಿಗೆ ಬಂತು. ಬಿಳಿ ಮರ, ಮೇಲೆ ಪ್ಲಾಸ್ಟಿಕ್ಕು, ಮೋರೆಯ ನೇರಕ್ಕೆ ಅಂಗೈಯಗಲದ ಗಾಜು. ಅಮರಗುಂಡಪ್ಪ ಹತ್ತಿರ ಹೋಗಲಿಲ್ಲ. ‘ನೀ ನೋಡಪಾ,’ ಎಂದ. ರಾಜೇಶ ಬಗ್ಗಿ ನೋಡಿದ. ಯಾರೋ ಪೌಡರು ಹಚ್ಚಿದ್ದರು. ಮೀಸೆ ಓರೆಯಾಗಿ ಕತ್ತರಿಸಿದ್ದರು. ಶಿವಕಾಂತ ಏನನ್ನೋ ತಡೆದುಕೊಂಡವನ ಹಾಗೆ ತುಟಿ ಒತ್ತಿ ಮಲಗಿದ್ದ. ‘ಹೌದ್ರಿ, ಅವನ,’ ಎಂದ ರಾಜೇಶ. ಅಳು ಬಂದರೆ ಇದಕ್ಕಾದರೂ ಬರಲಿ ಎಂದುಕೊಂಡ. ಬರುವಷ್ಟರಲ್ಲಿ ಹಿಂದಿನಿಂದ ಅಮರಗುಂಡಪ್ಪನ ದನಿ ಬಂತು.

‘ಮಲಗಿಸಿಬಿಟ್ಟಾರಲ್ಲೋ!’

ಮುದುಕ ಮೋರೆ ನೋಡಿರಲಿಲ್ಲ. ಪೆಟ್ಟಿಗೆಯ ಉದ್ದ ನೋಡುತ್ತಿದ್ದ. ಅವರಲ್ಲಿ ಸತ್ತವನನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಚೌಕ ಕುಣಿಯೊಳಗೆ ಇಳಿಸುತ್ತಾರೆ. ಊರಿನಲ್ಲಿ ಚೌಕ ಕುಣಿಯೇ ಇಳಿಯುತ್ತಿತ್ತು. ‘ಕೇಳೋ, ಕುಂಡ್ರಸಾಕ ಬರ್ತೈತೇನು ಕೇಳು,’ ಎಂದು ರಾಜೇಶನನ್ನು ತಿವಿದ. ಮದ್ದು ಹಾಕಿ ಸೆಟೆದ ಮೈ, ಮಡಚಲು ಬಾರದು, ಮೊಳೆ ಬಡಿದ ಪೆಟ್ಟಿಗೆ ಇಲ್ಲಿ ಬಿಚ್ಚುವ ಹಾಗಿಲ್ಲ ಎಂದ ಹುಡುಗ. ಅಮರಗುಂಡಪ್ಪ ಹಾರವನ್ನು ಕುರ್ಚಿಯ ಮೇಲಿಟ್ಟು ಫೋನು ತೆಗೆದ. ತನ್ನಪ್ಪನ ಕರೆಯನ್ನು ಅನಿಲಕುಮಾರ ಒಂದೇ ರಿಂಗಿಗೆ ಎತ್ತಿದ.

‘ಅನಿಲ್ಯಾ, ಕುಣಿ ಉದ್ದ ಮಾಡಸಬೇಕಲೇ. ಇನ್ನ ಮೂರು ಮೊಳ ತೆಗೀ ಅನ್ನು ಮುದುಕಪ್ಪಗ.’

‘ಯಪ್ಪಾ, ನೀರು ಹತ್ತೈತಿ. ಮಗ್ಗಲ ಗದ್ದಿ ನೀರು ಬಸ್ಯಾಕತ್ತೈತಿ. ಮಣ್ಣು ಕುಸೀತೈತಿ. ಇಂವಾ ಒಂದ ಸವನ ತೇಕಾಕತ್ತಾನ.’

‘ನೀರು ಹೊರಗ ಚೆಲ್ಲು ಅನ್ನು. ಸಾವಕಾಶ ಮಾಡ್ಲಿ. ನಾವು ಬರೂದು ತಡಾ ಆಗ್ತೈತಿ.’

ಸಾವಕಾಶ ಮಾಡ್ಲಿ. ರಾಜೇಶನಿಗೆ ಗೊತ್ತಿರುವ ಮಣ್ಣು ಅದು. ಕಾಲುವೆ ಬಂದ ಮೇಲೆ ಜವಳು ಹಿಡಿದ ಕರಿಮಣ್ಣು. ಮೇಲೆ ಒಣಗಿದಂತೆ ಕಂಡರೂ ಆಳು ಮಟ್ಟದ ಕೆಳಗೆ ಬಸಿನೀರು ಕಾದು ಕೂತಿರುತ್ತದೆ. ಗೋಡೆ ಒಮ್ಮೆಲೆ ಜಾರುತ್ತದೆ, ಸದ್ದಿಲ್ಲದೆ, ಬೆಣ್ಣೆಯ ಹಾಗೆ. ಕೌಂಟರಿನ ಹುಡುಗ ಗೇಟ್ ಪಾಸು ಹರಿದು ಕೈಗಿಟ್ಟ. ಹಳದಿ ಕಾಗದ. ಇದನ್ನು ಬಾಗಿಲಲ್ಲಿ ಕೊಟ್ಟರೆ ಪೆಟ್ಟಿಗೆ ಹೊರಗೆ. ಬಾಬುಸಾಬ್ ಆಂಬುಲೆನ್ಸಿನ ಹಿಂದಿನ ಬಾಗಿಲು ತೆಗೆದು ನಿಂತಿದ್ದ. ರಾಜೇಶ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವನು ನಿಂತ. ಹೊಳ್ಳಿ ಬಂದು ಗೋಡೆಯ ಬೆಂಚಿನ ಮೇಲೆ ಕೂತ.

‘ಯಾಕೋ?’ ಎಂದ ಅಮರಗುಂಡಪ್ಪ.

‘ಆ ಫೋನ್ ಕೊಡ್ರಿ ಇಲ್ಲೆ.’ ಕೇಳಿ ಇಸಕೊಂಡದ್ದಲ್ಲ, ಕೈಯಿಂದ ತೆಗೆದುಕೊಂಡದ್ದು. ಲೈನು ಇನ್ನೂ ಇತ್ತು. ‘ಅನಿಲಕುಮಾರಾ, ನಾ ರಾಜೇಶ. ಫೋನ್ ಕುಣಿಯೊಳಗ ಹಿಡಿ.’

ಒಂದು ಗಳಿಗೆ ಬರೀ ಗಾಳಿ. ಆಮೇಲೆ ಬಕೀಟಿನ ಸದ್ದು, ನೀರಿನ ಸದ್ದು. ಬಾವಿಯೊಳಗಿಂದ ಬಂದ ಹಾಗೆ ಅಪ್ಪನ ದನಿ. ‘ರಾಜ್ಯಾ? ಹುಡುಗ ಬಂದನೇನೋ?’

‘ಮ್ಯಾಲ ಬಾ ಅಪ್ಪಾ.’

‘ಬರ್ತೀನೋ, ಮೂರ ಮೊಳ ಉದ್ದ ಅಂತ...’ ಉಸಿರು ಹಿಡಿದುಕೊಂಡಿತು, ಬಿಟ್ಟಿತು. ‘ಮೊಣಕಾಲ ಮಟ ನೀರು. ಚೆಲ್ಲಿದಷ್ಟೂ ಬರ್ತೈತಿ, ಸುಡುಗಾಡು.’

‘ಈಗ ಬಾ.’

‘ಸಾವ್ಕಾರ್ರು ಹೇಳ್ಯಾರಲ್ಲೋ.’

ರಾಜೇಶ ಫೋನನ್ನು ಅಮರಗುಂಡಪ್ಪನ ಬಾಯಿಯ ಮುಂದೆ ಹಿಡಿದ. ‘ಹೇಳ್ರಿ. ಮ್ಯಾಲ ಬಾ ಅಂತ ಹೇಳ್ರಿ.’

‘ರಾಜೇಶಾ, ಇದು ಆ ಮಾತಿನ ಹೊತ್ತಲ್ಲಪಾ. ಪಾಸು ಕೊಡು, ಮೊದಲ ಇವನ್ನ ಹೊರಗ ತರೂಣು.’

‘ಅಲ್ಲಿ ಒಬ್ಬಾಂವ ಮ್ಯಾಲ ಬರ್ಲಿ. ಆಮ್ಯಾಲ ಇಲ್ಲಿ ಒಬ್ಬಾಂವ ಹೊರಗ ಬರ್ತಾನ.’

ಅಮರಗುಂಡಪ್ಪ ಅವನತ್ತ ಒಂದು ಹೆಜ್ಜೆ ಬಂದ. ‘ನನ್ನ ಮಗನ ಹೆಣ ಹಿಡಕೊಂಡು ಆಟಾ ಆಡ್ತೀಯೇನೋ?’

‘ನಮ್ಮಪ್ಪ ಇನ್ನಾ ಹೆಣ ಆಗಿಲ್ಲರಿ. ಅದಕ್ಕ ಅವಸರ.’

ಬಾಬುಸಾಬ್ ಬಾಗಿಲಲ್ಲೇ ತಲೆ ತಗ್ಗಿಸಿದ. ಕೌಂಟರಿನ ಹುಡುಗ ಭಾಷೆ ಅರಿಯದೆಯೂ ಟೈಪು ಮಾಡುವುದನ್ನು ನಿಲ್ಲಿಸಿದ್ದ. ಇದು ಸರಿಯಲ್ಲ ಎಂದು ರಾಜೇಶನೊಳಗೆ ಯಾರೋ ಹೇಳುತ್ತಿದ್ದರು. ಮಗನ ಪೆಟ್ಟಿಗೆಯ ಮುಂದೆ ನಿಂತ ಮುದುಕನೊಬ್ಬನಿಂದ ಹೀಗೆ ಹಿಂಡಬಾರದು, ನೀನು ಓದಿದವನು, ನೀನಾದರೂ ತಿಳಿದವನಾಗಿರು. ಎಲ್ಲ ಕಾಲಕ್ಕೂ ತಿಳಿದವರಾಗಿ ಇರಬೇಕಾದವರು ನಾವೇ ಏನು? ಈ ಸಭ್ಯತೆಯೂ ಬಿಟ್ಟಿ ಚಾಕರಿಯೇ. ಸಲಿಕೆ ಕಿತ್ತುಕೊಂಡು ಮಾಳಿಗೆ ಮೇಲಿಟ್ಟರೂ ಇದು ಕೈಬಿಟ್ಟಿರಲಿಲ್ಲ. ಹಳದಿ ಕಾಗದವನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ಇಳಿಸಿದ. ತಲೆಯ ಮೇಲೆ, ತಗಡಿನಾಚೆ, ಇನ್ನೊಂದು ವಿಮಾನ ಸಮುದ್ರ ನೋಡುವವರನ್ನು ಇಳಿಸುತ್ತಿತ್ತು.

‘ಮುದುಕಪ್ಪಾ,’ ಎಂದ ಅಮರಗುಂಡಪ್ಪ, ಫೋನಿಗೆ, ತನ್ನದಲ್ಲದ ಸಣ್ಣ ದನಿಯಲ್ಲಿ. ‘ಸಾಕು. ಮ್ಯಾಲ ಬಾ. ಅನಿಲ್ಯಾ, ಜೆಸಿಬಿ ತರಸು. ಒಣ ಹೊಲದ ಕಡೆ ತೆಗಸು. ಅಯ್ಯನೋರಿಗೆ ನಾ ಹೇಳ್ತೀನಿ.’

‘ಬಂದ್ನಿರೀ,’ ಎಂದ ಅಪ್ಪ, ಬೈಸಿಕೊಂಡವನ ಹಾಗೆ.

ಬರುವುದು ಕೇಳುತ್ತಿತ್ತು. ಕೆಸರಿನಿಂದ ಕಾಲು ಕೀಳುವ ಸದ್ದು. ಏನೋ ಮೆತ್ತಗೆ ಕುಸಿದು ನೀರಿಗೆ ಬಿದ್ದ ಸದ್ದು. ಅಪ್ಪ ಕೆಮ್ಮಿದ. ‘ಜಾರ್ತೈತಿ... ಯಾರರ ಕೈ ಕೊಡ್ರಿ.’

ಕುಣಿಯ ದಂಡೆಯ ಮೇಲೆ ಮಂದಿ ಇದ್ದರು. ಅವರ ಗುಜುಗುಜು ಇತ್ತು. ಅದು ನಿಂತಿತು. ಆಮೇಲೆ ಒಂದು ದನಿ, ಉಪಕಾರದ ದನಿ: ‘ಏ, ನಿಚ್ಚಣಿಕಿ ತಗೊಂಬರ್ರಿ ಯಾರರ. ಮಿಲ್ಲಿನ್ಯಾಗ ಐತಿ ನೋಡ್ರಿ.’

ಮಿಲ್ಲು ಊರ ಆಚೆ ಇತ್ತು.

‘ಅನಿಲಕುಮಾರಾ,’ ಎಂದ ರಾಜೇಶ. ‘ನಿನ್ನ ಕೈಗೆ ಏನಾಗೈತಿ?’

‘ನಾ ಅಯ್ಯನೋರ ಪಾದಪೂಜಿಗೆ ಕುಂಡ್ರಬೇಕು ರಾಜೇಶಾ. ಸ್ನಾನ ಆಗೈತಿ. ನಿಚ್ಚಣಿಕಿ ಬರ್ತೈತಿ, ಎರಡ ಮಿನಿಟು.’

ಮತ್ತೆ ಕುಸಿದ ಸದ್ದು. ಅಪ್ಪನ ಉಸಿರು ಫೋನಿನ ತುಂಬ, ಗೋದಾಮಿನ ತುಂಬ, ಗರಗಸ ಎಳೆದ ಹಾಗೆ. ರಾಜೇಶ ಅಮರಗುಂಡಪ್ಪನನ್ನು ನೋಡಿದ. ಕೇಳಲಿಲ್ಲ, ಬೇಡಲಿಲ್ಲ, ನೋಡಿದ ಅಷ್ಟೇ. ಬಸವ ಜಯಂತಿಯ ದಿನ ಟ್ರ್ಯಾಕ್ಟರ್ ಮೇಲೆ ನಿಂತು ಕುಲವಿಲ್ಲ, ಮೈಲಿಗೆಯಿಲ್ಲ ಎಂದು ಪ್ರತಿವರ್ಷ ಮೈಕು ಹಿಡಿದು ಹೇಳುವ ಬಾಯಿ ಒಣಗಿ ಅರ್ಧ ತೆರೆದಿತ್ತು. ಮುದುಕನ ಕಣ್ಣು ರಾಜೇಶನಿಂದ ಅವನ ಜೇಬಿಗೆ, ಜೇಬಿನಿಂದ ಪೆಟ್ಟಿಗೆಗೆ ಹೋಗಿ, ಮೊದಲ ಸಲ ಆ ಅಂಗೈಯಗಲದ ಗಾಜಿನ ಮೇಲೆ ನಿಂತಿತು.

‘ಅನಿಲ್ಯಾ!’ ಎಂದು ಅರಚಿದ. ‘ಕೈ ಕೊಡಲೇ ಸೂಳಿಮಗನ! ಕೈ ಕೊಡು!’

ಫೋನು ಎಲ್ಲೋ ಬಿದ್ದಿತು. ಯಾರೋ ಮುಕ್ಕಿರಿದರು. ಕೆಸರು ತಾನು ಹಿಡಿದದ್ದನ್ನು ಬಿಡಲೊಲ್ಲದೆ ಬಿಟ್ಟ ಉದ್ದನೆಯ ಸದ್ದು ಬಂತು. ಆಮೇಲೆ ಗಾಳಿ, ಹುಲ್ಲು, ಎಲ್ಲೋ ಬೈಕು. ಬಹಳ ಹೊತ್ತಾದ ಮೇಲೆ ಹತ್ತಿರದಿಂದ, ಬಾವಿಯೊಳಗಿಂದಲ್ಲ, ಬಯಲಿನಿಂದ ಅಪ್ಪನ ದನಿ: ‘ಬಂದ್ನೋ ರಾಜ್ಯಾ. ಕುಂತೀನಿ.’

ರಾಜೇಶ ಜೇಬಿನಿಂದ ಹಳದಿ ಕಾಗದ ತೆಗೆದು, ಮಡಿಕೆ ಬಿಚ್ಚಿ, ಅಮರಗುಂಡಪ್ಪನ ಕೈಗೆ ಕೊಟ್ಟ. ಮುದುಕ ಅದನ್ನು ಹಿಡಿದುಕೊಂಡೇ ನಿಂತ.

‘ಎದಿ ನೋಯತೈತೇನು?’

‘ಇಲ್ಲ. ದಣಿವು.’

‘ಅನಿಲಕುಮಾರಗ ಕೊಡು ಫೋನು.’

‘ಇಲ್ಲಿಲ್ಲ ಅವ್ರು.’ ಅಪ್ಪ ಸುತ್ತ ನೋಡಿದ ಹಾಗೆ ದನಿ ಅತ್ತಿತ್ತ ಹೋಯಿತು. ‘ಕಾಲುವಿ ಕಡೆ ಓಡಿದ್ರು. ಕೈ ತೊಳಕೊಳ್ಳಾಕ.’

ಗೋದಾಮಿನಲ್ಲಿ ಎಲ್ಲರೂ ಅದನ್ನು ಕೇಳಿದರು. ಅಮರಗುಂಡಪ್ಪ ಕೇಳಿದ, ಬಾಬುಸಾಬ್ ಕೇಳಿದ.

‘ಕೆಸರಾಗಿತ್ತಲ್ಲೋ,’ ಎಂದ ಅಪ್ಪ.